ಮನೆ, ಸಭೆ, ಊರು: ಸೇವೆಯ ಬದುಕನ್ನು ನೆನೆಯುವ ಬಗೆ

(ಮೈಸೂರಿನ ದಟ್ಟಗಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಒಂದು ಕುಟುಂಬದವರು ತಮ್ಮ ತಾಯಿಯ ನೆನಪಿಗಾಗಿ ಈ ದತ್ತಿ ಇಟ್ಟಿದ್ದಾರೆ. ಸಮಾಧಿಯ ಕಲ್ಲಿನಲ್ಲಿ ಹೆಸರು ಕೆತ್ತಿಸಿ ಅಲ್ಲಿಗೇ ಮುಗಿಸಬಹುದಿತ್ತು. ವರ್ಷಕ್ಕೊಮ್ಮೆ ನಾಲ್ಕು ಜನ ಒಂದೆಡೆ ಕೂತು ಯೋಚಿಸಲಿ ಎಂದು ಅವರಿಗೆ ಅನ್ನಿಸಿತು. ನನ್ನನ್ನು ಕರೆಯಲು ಬಂದಾಗ ಅವರು ಕೇಳಿಕೊಂಡದ್ದು ಒಂದೇ: ಅಮ್ಮನನ್ನು ಹೊಗಳುವುದು ಬೇಡ, ಅಮ್ಮ ಯಾವ ಪರಂಪರೆಯಲ್ಲಿ ಬಾಳಿದರೋ ಅದರ ಬಗ್ಗೆ ಮಾತಾಡಿ. ಅವರ ಮಾತಿಗೆ ಕಟ್ಟುಬಿದ್ದು ಆ ತಾಯಿಯ ಹೆಸರನ್ನು ನಾನಿಲ್ಲಿ ಎತ್ತುವುದಿಲ್ಲ. ಅವರು ಮನೆ ನಡೆಸಿದರು, ಮಕ್ಕಳನ್ನು ಓದಿಸಿದರು, ಕ್ರೈಸ್ತ ಸಭೆಯ ಕೆಲಸಕ್ಕೆ ಹೆಗಲು ಕೊಟ್ಟರು, ಬೀದಿಯಲ್ಲಿ ಯಾರಿಗೆ ಹುಷಾರಿಲ್ಲವೆಂದರೂ ಮೊದಲು ಹೋಗಿ ಬಾಗಿಲು ತಟ್ಟಿದರು. ಇಷ್ಟು ಹೇಳಿದರೆ ಸಾಕು, ಇಲ್ಲಿರುವ ಎಷ್ಟೋ ಜನರಿಗೆ ತಮ್ಮ ಮನೆಯ ಅಮ್ಮನೋ ಅಜ್ಜಿಯೋ ದೊಡ್ಡಮ್ಮನೋ ಕಣ್ಣ ಮುಂದೆ ಬರುತ್ತಾರೆ.

ಇಂಥವರನ್ನು ಒಂದು ಸಮಾಜ ಹೇಗೆ ನೆನೆಯುತ್ತದೆ, ಹೇಗೆ ಮರೆಯುತ್ತದೆ ಎಂಬುದೇ ಇವತ್ತಿನ ನನ್ನ ವಿಷಯ. ನಾನು ಕಂಡಂತೆ ಅವರಲ್ಲಿ ಮೂರು ಬಗೆಯವರಿದ್ದಾರೆ. ಕೆಲವರ ಹೆಸರು ಕಲ್ಲಿನ ಮೇಲೆ ಉಳಿದಿದೆ, ಬದುಕು ಜನರ ನೆನಪಿನಲ್ಲಿಲ್ಲ. ಬೆರಳೆಣಿಕೆಯ ಕೆಲವರ ಬದುಕು ಪೂರ್ತಿಯಾಗಿ ದಾಖಲಾಗಿದೆ, ಏಕೆಂದರೆ ಅವರೇ ಕೂತು ಬರೆದರು. ಮೂರನೆಯವರಿಗೆ ಕಲ್ಲೂ ಇಲ್ಲ, ಪುಸ್ತಕವೂ ಇಲ್ಲ. ನಮ್ಮ ಸಭೆಗಳು, ಶಾಲೆಗಳು, ಆಸ್ಪತ್ರೆಗಳು ನಿಂತದ್ದು ಈ ಮೂರನೆಯವರ ದುಡಿಮೆಯಿಂದ. ಅವರ ಋಣ ತೀರಿಸುವ ಕಾಲ ಕೈಮೀರುತ್ತಿದೆ ಎಂದು ಹೇಳಲು ಬಂದಿದ್ದೇನೆ.

ಒಂದು ಕೆರೆ, ಒಂದು ಆಸ್ಪತ್ರೆ

ದಟ್ಟಗಳ್ಳಿಯವರಿಗೆ ಲಿಂಗಾಂಬುಧಿ ಕೆರೆಯನ್ನು ಪರಿಚಯಿಸಬೇಕಾಗಿಲ್ಲ. ಬೆಳಗಿನ ವಾಕಿಂಗಿಗೆ ಹೋಗುವವರು, ಹಕ್ಕಿ ನೋಡಲು ಬರುವವರು ದಿನವೂ ಅಲ್ಲಿರುತ್ತಾರೆ. 1828ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅವರ ಪತ್ನಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಆದ ಕೆರೆ ಅದು. ಆಗ ಈ ಕಡೆಯೆಲ್ಲ ಹೊಲ, ತೋಪು, ಸಣ್ಣ ಹಳ್ಳಿಗಳು. ಇವತ್ತು ಸೈಟು, ಲೇಔಟು, ರಿಂಗ್ ರಸ್ತೆ. ಊರಿನ ಚಹರೆ ಪೂರ್ತಿ ಬದಲಾಗಿದ್ದರೂ ಒಬ್ಬ ಹೆಣ್ಣುಮಗಳ ಹೆಸರಿನಲ್ಲಿ ನಿಲ್ಲಿಸಿದ ನೀರು ಇನ್ನೂ ನಿಂತಿದೆ. ಹೆಸರು ಉಳಿಯಬೇಕಾದರೆ ಅದನ್ನು ಜನರಿಗೆ ಉಪಯೋಗವಾಗುವ ಕೆಲಸಕ್ಕೆ ಕಟ್ಟಬೇಕು ಎಂಬ ತಿಳಿವಳಿಕೆ ಈ ನಾಡಿಗೆ ಹಳೆಯದು. ಕೆರೆ ಕಟ್ಟಿಸು, ಬಾವಿ ತೋಡಿಸು ಎಂದು ತಾಯಂದಿರು ಮಕ್ಕಳಿಗೆ ಹೇಳಿಕೊಂಡು ಬಂದ ನಾಡು ಇದು.

ನಗರದ ಇನ್ನೊಂದು ದಿಕ್ಕಿನಲ್ಲಿ, ಮಂಡಿ ಮೊಹಲ್ಲಾದಲ್ಲಿ, ಮಿಷನ್ ಆಸ್ಪತ್ರೆ ಇದೆ. ಆಟೋದವರಿಗೆ ಹಾಗೆಂದರೆ ಸಾಕು, ವಿಳಾಸ ಬೇಡ. ಅದರ ಪೂರ್ತಿ ಹೆಸರಿನಲ್ಲಿರುವವರು ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್. ಮೈಸೂರಿನಲ್ಲಿ ಸೇವೆ ಮಾಡಿದ ವೆಸ್ಲಿಯನ್ ಮಿಷನರಿ ವಿಲಿಯಂ ವೆಸ್ಟ್ ಹೋಲ್ಡ್ಸ್‌ವರ್ತ್ ಅವರ ಪತ್ನಿ. ಅವರ ನೆನಪಿಗಾಗಿ 1906ರಲ್ಲಿ ಈ ಆಸ್ಪತ್ರೆ ಆರಂಭವಾಯಿತು.

ಆ ಕಾಲದ ಮೈಸೂರನ್ನು ಸ್ವಲ್ಪ ನೆನಪಿಸಿಕೊಳ್ಳೋಣ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟಿತ್ತು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕಿನ ಬಡಾವಣೆಗಳನ್ನು ಮಾಡಲು 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ನಗರ ತನ್ನ ಆರೋಗ್ಯದ ಬಗ್ಗೆ ಹೊಸದಾಗಿ ಯೋಚಿಸುತ್ತಿದ್ದ ದಿನಗಳವು. ಆದರೆ ಮನೆಯೊಳಗಿನ ಹೆಂಗಸಿನ ಆರೋಗ್ಯ ಬೇರೆಯೇ ಮಾತಾಗಿತ್ತು. ಹೆರಿಗೆ ಎಂದರೆ ಕತ್ತಲೆ ಕೋಣೆ, ಸೂಲಗಿತ್ತಿಯ ಕೈಗುಣ, ದೇವರ ಮೇಲೆ ಭಾರ. ಗಂಡಸು ಡಾಕ್ಟರಿಗೆ ನಾಡಿ ಕೊಡಲೂ ಒಪ್ಪದ ಮನೆಗಳು ಎಲ್ಲ ಜಾತಿ ಧರ್ಮಗಳಲ್ಲೂ ಇದ್ದವು. ಅಂಥ ಕಾಲದಲ್ಲಿ ಹೆಂಗಸರು ಮಕ್ಕಳು ಅಂಜಿಕೆಯಿಲ್ಲದೆ ಬರಬಹುದಾದ ಒಂದು ಜಾಗ, ಅದೂ ದುಡಿದು ತಿನ್ನುವವರು ತುಂಬಿದ ಮೊಹಲ್ಲಾದ ಮಗ್ಗುಲಲ್ಲೇ, ಸಿಕ್ಕಿತು.

ಹೀಗೆ ಹೆಂಗಸರ ಹೆಸರಿನಲ್ಲಿ ಎದ್ದ ಆಸ್ಪತ್ರೆಗಳು ನಮ್ಮ ಸುತ್ತ ಇನ್ನೂ ಇವೆ. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ 1902ರಲ್ಲಿ ತೆರೆದ ಆಸ್ಪತ್ರೆಗೆ ಮೇರಿ ಟೇಬರ್ ಶೆಲ್ ಅವರ ಹೆಸರು. ಅವರ ಪತಿ ಅಮೆರಿಕದಿಂದ ಹೆಂಡತಿಯ ನೆನಪಿಗೆ ಕೊಟ್ಟ ಹಣ ಅದಕ್ಕೆ ಅಡಿಪಾಯವಾಯಿತು. ಇಂದಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಬೆಳೆದದ್ದು ಅಲ್ಲಿಂದ. ಕೋಲಾರದ ಇಟಿಸಿಎಂ ಆಸ್ಪತ್ರೆಯ ಆ ಅಕ್ಷರಗಳ ಹಿಂದೆ ಎಲೆನ್ ಥೋಬರ್ನ್ ಕೋವೆನ್ ಎಂಬ ಮೆಥಡಿಸ್ಟ್ ಮಹಿಳೆ ಇದ್ದಾರೆ. ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಹೆಂಗಸರು ಮಕ್ಕಳಿಗಾಗಿ ಸಣ್ಣದೊಂದು ಚಿಕಿತ್ಸಾಲಯ ಶುರುಮಾಡಿದರು. ಅದು ಈಗ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ.

ಈ ಊರುಗಳ ಜನ ಈ ಹೆಸರುಗಳನ್ನು ಬಾಯಲ್ಲಿ ಇಟ್ಟುಕೊಂಡಿಲ್ಲ. ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಮೈಸೂರಿನವರನ್ನು ಕೇಳಿ, ಮೇರಿ ಹೋಲ್ಡ್ಸ್‌ವರ್ತ್ ಯಾರೆಂದು ಹೇಳುವವರು ಅಪರೂಪ. ಆದರೂ ಆ ಸ್ಮರಣೆ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಒಂದು ಶತಮಾನ ದಾಟಿದರೂ ಆ ಹೆಸರಿನ ಸೂರಿನಡಿ ಮಕ್ಕಳು ಹುಟ್ಟುತ್ತಿದ್ದಾರೆ. ಹೆಂಡತಿಯನ್ನು ಕಳೆದುಕೊಂಡವರ ದುಃಖ, ಅವರ ಮುಖವನ್ನೇ ಕಾಣದ ಸಾವಿರಾರು ತಾಯಂದಿರ ಆರೈಕೆಯಾಗಿ ಬದಲಾಯಿತು. ಸ್ಮಾರಕಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ.

ಗಂಗಾಮೂಲದ ಮಗಳು

ಎರಡನೆಯ ಬಗೆಗೆ ಬರುತ್ತೇನೆ. ತನ್ನ ಬದುಕನ್ನು ತಾನೇ ಬರೆದಿಟ್ಟ ಒಬ್ಬಾಕೆ ನಮ್ಮ ಮಣ್ಣಿನವರೇ ಎಂಬುದನ್ನು ನಾವು ಸಾಕಷ್ಟು ಹೆಮ್ಮೆಯಿಂದ ಹೇಳಿಕೊಂಡಿಲ್ಲ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಣ್ಣು ಸಂಸ್ಕೃತ ಕಲಿಯಬಹುದೆಂದು ನಂಬಿದವರು. ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು, ಅದಕ್ಕಾಗಿ ತಮ್ಮವರ ವಿರೋಧ ಕಟ್ಟಿಕೊಂಡರು. ರಮಾಬಾಯಿ ಕೈಗೂಸಾಗಿದ್ದಾಗಲೇ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಊರಿಂದೂರಿಗೆ ನಡೆಯುವ ಆ ಬದುಕಿನಲ್ಲಿ ಮಗಳಿಗೆ ಪಾಠ ಹೇಳಿದವರು ತಾಯಿ.

1870ರ ದಶಕದ ಬರಗಾಲದಲ್ಲಿ ರಮಾಬಾಯಿ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡರು. ಉಳಿದ ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿಯ ವಿದ್ವಾಂಸರು ಈ ಇಪ್ಪತ್ತರ ಹುಡುಗಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂದು ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಜಾತಿಯ ಗೆರೆ ದಾಟಿ ಬಂಗಾಳದ ವಕೀಲರೊಬ್ಬರನ್ನು ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಕಾಲರಾ ಗಂಡನನ್ನು ಒಯ್ದಿತು.

ಇಪ್ಪತ್ತನಾಲ್ಕನೆಯ ವಯಸ್ಸಿಗೆ ವಿಧವೆ, ಕಂಕುಳಲ್ಲಿ ಮಗು. ಅದೇ ವರ್ಷ ಆಕೆ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಶಿಕ್ಷಣದ ವಿಚಾರಣೆಗೆ ಬಂದ ಹಂಟರ್ ಆಯೋಗದ ಮುಂದೆ ಹೋಗಿ ಹೆಣ್ಣುಮಕ್ಕಳಿಗೆ ಕಲಿಸಲು ಮಹಿಳಾ ಶಿಕ್ಷಕಿಯರು ಬೇಕು, ಗಂಡಸರ ಮುಂದೆ ರೋಗ ಹೇಳಿಕೊಳ್ಳಲಾರದೆ ಹೆಂಗಸರು ಸಾಯುತ್ತಿದ್ದಾರೆ, ಅವರಿಗಾಗಿ ಮಹಿಳಾ ವೈದ್ಯರನ್ನು ತಯಾರುಮಾಡಿ ಎಂದು ಸಾಕ್ಷ್ಯ ನುಡಿದರು. ಮೂರು ವರ್ಷಗಳ ನಂತರ, 1885ರಲ್ಲಿ, ಭಾರತೀಯ ಮಹಿಳೆಯರ ವೈದ್ಯಕೀಯ ನೆರವಿಗಾಗಿ ಡಫರಿನ್ ನಿಧಿ ಹುಟ್ಟಿತು. ಮಹಿಳಾ ಆಸ್ಪತ್ರೆಗಳ ಯುಗ ತೆರೆಯುವ ಹೊತ್ತಿನಲ್ಲಿ ಎದ್ದ ಗಟ್ಟಿ ದನಿಗಳಲ್ಲಿ ಒಂದು ಈ ಗಂಗಾಮೂಲದ ಮಗಳದು.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ಅಲ್ಲಿಯ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಅವರ ಕ್ರೈಸ್ತ ಬದುಕನ್ನು ವಿಧೇಯತೆಯ ಕಥೆಯಾಗಿ ಓದುವವರಿದ್ದಾರೆ. ಅವರು ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಅವರೊಡನೆ ನಡೆಸಿದ ಪತ್ರವ್ಯವಹಾರ ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಕ್ರಿಸ್ತನನ್ನು ಒಪ್ಪಿದ್ದೇನೆ, ಆದರೆ ಪ್ರಶ್ನೆ ಕೇಳುವ ಸ್ವಾತಂತ್ರ್ಯವನ್ನು ಯಾರ ಕೈಗೂ ಒಪ್ಪಿಸಿಲ್ಲ ಎಂಬ ನಿಲುವು ಆ ಪತ್ರಗಳ ಉದ್ದಕ್ಕೂ ಇದೆ. ಭಕ್ತಿಗೂ ಸ್ವಂತ ಬುದ್ಧಿಗೂ ಜಗಳವಿಲ್ಲ ಎಂದು ಬಾಳಿ ತೋರಿಸಿದವರು ಅವರು.

1887ರಲ್ಲಿ ಮೇಲ್ಜಾತಿಯ ಹಿಂದೂ ಹೆಣ್ಣಿನ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪುಸ್ತಕವನ್ನು ರಮಾಬಾಯಿ ಅರ್ಪಿಸಿದ್ದು ತಾಯಿ ಲಕ್ಷ್ಮೀಬಾಯಿಯ ನೆನಪಿಗೆ. ಹಾಗಾಗಿ ಕಾಡಿನ ದಾರಿಯಲ್ಲಿ ಮಗಳಿಗೆ ಶ್ಲೋಕ ಕಲಿಸಿದ ಒಬ್ಬ ತಾಯಿಯ ಹೆಸರು ಇಂದಿಗೂ ನಮಗೆ ಗೊತ್ತು. ಮಗಳು ಬರೆದಿಡದಿದ್ದರೆ ಲಕ್ಷ್ಮೀಬಾಯಿ ಬರಗಾಲದಲ್ಲಿ ಸತ್ತ ಲಕ್ಷಾಂತರ ಜನರಲ್ಲಿ ಒಬ್ಬರಾಗಿ ಮರೆಯಾಗುತ್ತಿದ್ದರು.

1889ರಲ್ಲಿ ರಮಾಬಾಯಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು, ಆಮೇಲೆ ಕೇಡ್ಗಾಂವಿನಲ್ಲಿ ಮುಕ್ತಿ ಸದನ ಎದ್ದಿತು. 1896–97ರ ಬರಗಾಲದಲ್ಲಿ, ತಾನೇ ಬರ ಕಂಡು ಬದುಕಿದ ಈ ಹೆಂಗಸು, ಹಸಿವಿಗೆ ಸಿಕ್ಕ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೋಗಿ ಕರೆತಂದರು. ಅಲ್ಲಿ ಓದಿನ ಜೊತೆಗೆ ನೇಯ್ಗೆ, ಹೈನು, ಎಣ್ಣೆ ಗಾಣ, ಅಚ್ಚಿನ ಮೊಳೆ ಜೋಡಿಸುವ ಕೆಲಸ ಎಲ್ಲವನ್ನೂ ಕಲಿಸಿದರು. ಅನ್ನ ಕೊಟ್ಟರೆ ಸಾಲದು, ಅನ್ನ ದುಡಿಯುವ ಕೈ ಕೊಡಬೇಕು ಎಂಬ ತಿಳಿವಳಿಕೆ ಅದು. ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತಂದರು. ಅದು ಪೂರ್ತಿ ಪ್ರಕಟವಾದದ್ದು ಅವರು ತೀರಿಹೋದ ಮೇಲೆ.

ಈ ಕಥೆಯಲ್ಲಿ ಕನ್ನಡ ನಾಡಿಗೆ ಇನ್ನೊಂದು ಪಾಲಿದೆ. 1912ರಲ್ಲಿ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಹೈಸ್ಕೂಲು ತೆರೆಯಿತು. ಅದನ್ನು ನಡೆಸಿದವರು ಮಗಳು ಮನೋರಮಾ. ತಾಯಿಯ ದೊಡ್ಡ ಹೆಸರಿನ ನೆರಳಿನಲ್ಲಿ ಆಕೆಯನ್ನು ಎಲ್ಲರೂ ಮರೆತಿದ್ದಾರೆ. ಮನೋರಮಾ 1921ರಲ್ಲಿ, ನಲವತ್ತರ ವಯಸ್ಸಿನಲ್ಲಿ ತೀರಿಕೊಂಡರು. ವರ್ಷ ತುಂಬುವ ಮೊದಲೇ, 1922ರ ಏಪ್ರಿಲ್ 5ರಂದು, ರಮಾಬಾಯಿಯೂ ಹೋದರು. ಅಜ್ಜಿ, ತಾಯಿ, ಮಗಳು, ಮೂರು ತಲೆಮಾರಿನ ಹೆಂಗಸರು ಒಬ್ಬರಿಂದ ಒಬ್ಬರು ಕಲಿತು ಸಾವಿರಾರು ಜನರಿಗೆ ಕಲಿಸಿದರು. ಕುಟುಂಬದ ಸೇವೆ ಬೇರೆ, ಸಮಾಜದ ಸೇವೆ ಬೇರೆ ಎಂದು ಗೆರೆ ಎಳೆಯುವವರು ಈ ಮೂವರನ್ನು ಒಟ್ಟಿಗೆ ನೋಡಬೇಕು.

ಕಲ್ಲೂ ಇಲ್ಲ, ಪುಸ್ತಕವೂ ಇಲ್ಲ

ಈಗ ಮೂರನೆಯವರ ಮಾತು. ಮಿಷನ್ ಇತಿಹಾಸಗಳನ್ನು ತೆರೆದರೆ ಹೊರದೇಶದಿಂದ ಬಂದ ಗಂಡಸರ ಹೆಸರು ಮೊದಲು, ಅವರ ಪತ್ನಿಯರ ಹೆಸರು ಆಮೇಲೆ, ನಮ್ಮವರಾದ ಪಾದ್ರಿಗಳ ಹೆಸರು ಅಲ್ಲಲ್ಲಿ ಸಿಗುತ್ತದೆ. ಕನ್ನಡ ಹೆಂಗಸರು ಹೆಚ್ಚಾಗಿ ಲೆಕ್ಕದ ಕೋಷ್ಟಕದಲ್ಲಿರುತ್ತಾರೆ: ಇಷ್ಟು ಶಿಕ್ಷಕಿಯರು, ಇಷ್ಟು ಬೈಬಲ್ ಸ್ತ್ರೀಯರು.

ಈ ಬೈಬಲ್ ಸ್ತ್ರೀಯರ ಕೆಲಸ ಎಂಥದ್ದೆಂದು ಯೋಚಿಸಿ ನೋಡಿ. ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ದುಡಿಮೆಯಿಂದ 1831ರಲ್ಲಿ ಬಳ್ಳಾರಿಯಲ್ಲಿ ಕನ್ನಡ ಸತ್ಯವೇದ ಪೂರ್ತಿಯಾಯಿತು. ಪುಸ್ತಕವೇನೋ ಬಂತು, ಓದಬಲ್ಲ ಹೆಂಗಸರು ಎಷ್ಟು ಜನ ಇದ್ದರು? ಗಂಡಸು ಪ್ರಚಾರಕರು ಸಂತೆಯಲ್ಲಿ ನಿಂತು ಮಾತಾಡಬಹುದಿತ್ತು, ಹಿತ್ತಲ ಬಾಗಿಲ ಒಳಗೆ ಕಾಲಿಡುವಂತಿರಲಿಲ್ಲ. ಅಲ್ಲಿಗೆ ಹೋದವರು ಈ ಹೆಂಗಸರು. ಹಲವರು ವಿಧವೆಯರು. ಹೆಗಲಲ್ಲಿ ಬಟ್ಟೆ ಚೀಲ, ಅದರಲ್ಲಿ ಸತ್ಯವೇದ, ಒಂದು ಸ್ಲೇಟು, ಸೂಜಿ ದಾರ. ಕತೆ ಹೇಳುವರು, ಹಾಡುವರು, ಜೊತೆಗೇ ಅಕ್ಷರ ತಿದ್ದಿಸುವರು, ಹೊಲಿಗೆ ಹೇಳಿಕೊಡುವರು. ಮಗುವಿಗೆ ಭೇದಿಯಾದರೆ ಏನು ಕುಡಿಸಬೇಕು, ಯಾವಾಗ ಆಸ್ಪತ್ರೆಗೆ ಕರೆದೊಯ್ಯಲೇಬೇಕು ಎನ್ನುವರು. ಕೆಲವು ಮನೆಗಳಲ್ಲಿ ಜಗುಲಿಯ ಕೆಳಗೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಎಷ್ಟೋ ಮನೆಯ ಸೊಸೆಯರು ತಮ್ಮ ಹೆಸರನ್ನು ತಾವೇ ಬರೆಯಲು ಕಲಿತದ್ದು ಅವರಿಂದ.

ನರ್ಸುಗಳ ಕಥೆಯೂ ಹಾಗೆಯೇ. ಅನ್ಯಜಾತಿಯವರ ರಕ್ತ, ಕೀವು, ಮಲ ಮುಟ್ಟುವುದು ಮೈಲಿಗೆ. ರಾತ್ರಿ ಪಾಳಿ ಮರ್ಯಾದಸ್ಥರ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ. ಈ ಎರಡು ಕಾರಣಗಳಿಂದ ಆ ಕೆಲಸಕ್ಕೆ ಬಹುಕಾಲ ಯಾರೂ ಬರಲಿಲ್ಲ. ಮಿಷನ್ ಬೋರ್ಡಿಂಗ್ ಶಾಲೆಗಳಲ್ಲಿ ಓದಿದ ಬಡ ಕ್ರೈಸ್ತ ಹುಡುಗಿಯರು ಬಂದರು. ಅವರಲ್ಲಿ ಬಹಳ ಮಂದಿ ದಲಿತ ಕುಟುಂಬಗಳಿಂದ ಬಂದವರು. ಹುಟ್ಟಿನ ಕಾರಣಕ್ಕೆ ತಮ್ಮನ್ನು ಮುಟ್ಟದವರ ಮಕ್ಕಳನ್ನು ಅವರು ಮೊದಲು ಕೈಗೆತ್ತಿಕೊಂಡರು, ತೊಳೆದು, ಬಟ್ಟೆಯಲ್ಲಿ ಸುತ್ತಿ ತಾಯಿಯ ಮಗ್ಗುಲಲ್ಲಿ ಮಲಗಿಸಿದರು. ಅಸ್ಪೃಶ್ಯತೆಯ ವಿರುದ್ಧ ಈ ನಾಡಿನಲ್ಲಿ ನಡೆದ ಹೋರಾಟಗಳಲ್ಲಿ ಹೆರಿಗೆ ವಾರ್ಡಿನದೂ ಒಂದು. ಅದಕ್ಕೆ ಘೋಷಣೆ ಇರಲಿಲ್ಲ, ಮೆರವಣಿಗೆ ಇರಲಿಲ್ಲ. ಪಾಳಿ ಮುಗಿಸಿ ಮನೆಗೆ ಹೋಗಿ, ಒಲೆ ಹಚ್ಚಿ, ಮಕ್ಕಳನ್ನು ಶಾಲೆಗೆ ಕಳಿಸಿ, ಭಾನುವಾರ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವರ ಹೋರಾಟ ಅದು.

ಸಭೆಯ ಹಣಕಾಸನ್ನೇ ತೆಗೆದುಕೊಳ್ಳಿ. ಹಿಡಿ ಅಕ್ಕಿಯ ಪದ್ಧತಿಯನ್ನು ಇಲ್ಲಿಯ ಹಿರಿಯರು ಬಲ್ಲರು. ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು, ತುಂಬಿದ ಮೇಲೆ ದೇವಾಲಯಕ್ಕೆ ಒಯ್ಯುವುದು. ತನ್ನದೆಂದು ಒಂದು ಕಾಸೂ ಕೈಯಲ್ಲಿಲ್ಲದ ಹೆಂಗಸು, ಗಂಡನ ಮುಂದೆ ಕೈ ಚಾಚದೆ, ತಾನು ಆಳುವ ಒಂದೇ ಜಾಗವಾದ ಅಡುಗೆಮನೆಯಿಂದ ಕೊಟ್ಟ ಕಾಣಿಕೆ ಅದು. ಸುಗ್ಗಿ ಹಬ್ಬದ ಹರಾಜಿಗೆ ಬರುವ ಕುಂಬಳಕಾಯಿ, ಉಪ್ಪಿನಕಾಯಿ ಜಾಡಿ, ರವೆಉಂಡೆ ಡಬ್ಬಗಳೂ ಅಲ್ಲಿಂದಲೇ ಬಂದವು. ಸಭೆಯ ವಾರ್ಷಿಕ ಲೆಕ್ಕಪತ್ರದಲ್ಲಿ ಈ ಮೊತ್ತ ಒಂದೇ ಸಾಲು.

ದತ್ತಿ ಇಟ್ಟ ಮನೆಯವರು ತಮ್ಮ ತಾಯಿಯ ಒಂದು ನೋಟ್ ಪುಸ್ತಕ ನನಗೆ ತೋರಿಸಿದರು. ಮಕ್ಕಳ ಶಾಲೆಯ ಪುಸ್ತಕದಲ್ಲಿ ಉಳಿದ ಹಾಳೆಗಳನ್ನು ಸೇರಿಸಿ ಹೊಲಿದದ್ದು. ಮುಂದಿನಿಂದ ತೆರೆದರೆ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು, ಚೀಟಿಯ ಕಂತು. ತಿರುಗಿಸಿ ಹಿಂದಿನಿಂದ ತೆರೆದರೆ ಪ್ರಾರ್ಥನೆಯ ಪಟ್ಟಿ. ಯಾರಿಗೆ ಆಪರೇಷನ್, ಯಾರ ಮಗನ ಕೆಲಸ ಹೋಗಿದೆ, ಯಾರ ಮನೆಯಲ್ಲಿ ಅಣ್ಣತಮ್ಮಂದಿರ ಮಾತು ನಿಂತಿದೆ. ಪ್ರತಿ ಸಾಲಿನ ಕೊನೆಯಲ್ಲಿ ಇನ್ನೊಂದು ಶಾಯಿಯಲ್ಲಿ ಎರಡು ಮೂರು ಪದ: ಗಂಜಿ ಕೊಟ್ಟೆ, ಜೊತೆಗೆ ಆಸ್ಪತ್ರೆಗೆ ಹೋದೆ, ಫೀಸು ಕಟ್ಟಿದೆ, ಹೇಳಬಾರದು. ಪಟ್ಟಿಯಲ್ಲಿ ಕ್ರೈಸ್ತರ ಹೆಸರುಗಳಿವೆ, ಅಲ್ಲದವರ ಹೆಸರುಗಳೂ ಅಷ್ಟೇ ಇವೆ. ದೇವರಲ್ಲಿ ಬೇಡಿಕೊಂಡು ಕೈಕಟ್ಟಿ ಕೂರಲಿಲ್ಲ ಎಂಬುದಕ್ಕೆ ಆ ಎರಡು ಶಾಯಿಗಳು ಸಾಕ್ಷಿ. ಈ ಊರಿನ ಒಂದು ಕಾಲದ ನೆರೆಹೊರೆಯ ಚರಿತ್ರೆ ಆ ಪುಸ್ತಕದಲ್ಲಿದೆ. ಮನೆ ಬದಲಾಯಿಸುವಾಗ ಹಳೆ ಪೇಪರಿನವನ ಪಾಲಾಗದೆ ಉಳಿದದ್ದು ನಮ್ಮ ಪುಣ್ಯ.

ಸತ್ಯವೇದದಲ್ಲೇ ಇಂಥ ಒಬ್ಬ ಹೆಂಗಸಿದ್ದಾಳೆ. ಅಪೊಸ್ತಲರ ಕೃತ್ಯಗಳ ಒಂಬತ್ತನೆಯ ಅಧ್ಯಾಯದ ತಬಿಥಾ, ಯೊಪ್ಪದವಳು. ಅವಳು ತೀರಿಕೊಂಡಾಗ ಪೇತ್ರನ ಸುತ್ತ ನಿಂತ ವಿಧವೆಯರು ಅಳುತ್ತಾ ಅವಳು ತಮಗೆ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿದರು. ಅವಳ ಗುಣಗಾನಕ್ಕೆ ಅವರ ಬಳಿ ಮಾತಿರಲಿಲ್ಲ, ಬಟ್ಟೆಗಳಿದ್ದವು. ಬರೆದಿಟ್ಟವನು ಲೂಕ. ಆ ವಿಧವೆಯರ ಕಣ್ಣೀರು ಎರಡು ಸಾವಿರ ವರ್ಷ ದಾಟಿ ನಮ್ಮವರೆಗೆ ಬಂದದ್ದು ಒಬ್ಬರು ಬರೆದುಕೊಂಡದ್ದರಿಂದ.

ಸೇವೆಗೆ ಗೌರವ, ಗೌರವಕ್ಕೆ ಹಕ್ಕು

ಸೇವೆಯನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಹೆಣ್ಣು ದುಡಿಯಲಿ, ತೀರ್ಮಾನ ಮಾತ್ರ ನಮ್ಮದು ಎನ್ನುವವರಿಗೆ ಈ ಹೊಗಳಿಕೆ ಬಹಳ ಅನುಕೂಲ. ಸೇವೆ ಮಾಡಿದವಳಿಗೆ ಮಾತಾಡುವ ಹಕ್ಕೂ, ಆಸ್ತಿಯ ಹಕ್ಕೂ, ಕಮಿಟಿಯ ಕುರ್ಚಿಯೂ ಸಲ್ಲಬೇಕು.

ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ 1872ರದು. ಅದರ ಅನುಬಂಧದಲ್ಲಿರುವ ಮದುವೆ ರಿಜಿಸ್ಟರಿನ ನಮೂನೆಯನ್ನು ನೋಡಿ. ವಧುವರರ ಹೆಸರು, ವಯಸ್ಸು, ವೃತ್ತಿ, ವಾಸ, ತಂದೆಯ ಹೆಸರು. ತಾಯಿಯ ಹೆಸರಿಗೆ ಕಾಲಂ ಇಲ್ಲ. ಮಗಳನ್ನು ಹೆತ್ತು, ಸಾಕಿ, ಓದಿಸಿ, ಸೀರೆ ಉಡಿಸಿ ದೇವಾಲಯದ ಬಾಗಿಲವರೆಗೆ ತಂದವಳಿಗೆ ಆ ಪುಟದಲ್ಲಿ ಜಾಗವಿಲ್ಲ. ಈ ನಮೂನೆಗೆ ಮಾದರಿಯಾದ ಇಂಗ್ಲೆಂಡಿನಲ್ಲೇ 2021ರಿಂದ ತಾಯಿಯ ಹೆಸರನ್ನೂ ಬರೆಯುತ್ತಾರೆ. ಪೌಲನು ತಿಮೊಥೆಯನ ನಂಬಿಕೆಯನ್ನು ನೆನೆಯುವಾಗ ಅಜ್ಜಿ ಲೋವಿ, ತಾಯಿ ಯೂನಿಕೆ ಇಬ್ಬರ ಹೆಸರನ್ನೂ ಹಿಡಿದು ಹೇಳಿದ್ದ. ನಮ್ಮ ರಿಜಿಸ್ಟರು ಇನ್ನೂ ಅಲ್ಲಿಗೆ ಬಂದಿಲ್ಲ.

ಹಕ್ಕಿನ ದಾರಿಯಲ್ಲಿ ನಡೆದವರೂ ನಮ್ಮಲ್ಲಿದ್ದಾರೆ. ಕೇರಳದ ಮೇರಿ ರಾಯ್ ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬೇಕೆಂದು ಕೋರ್ಟಿಗೆ ಹೋದರು. 1986ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಬೆಂಗಳೂರಿನ ರೂತ್ ಮನೋರಮಾ ಕೊಳೆಗೇರಿಯವರು, ಮನೆಗೆಲಸದವರು, ದಲಿತ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡಿ, 2006ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಪಡೆದರು. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆ 2013ರಲ್ಲಿ, ನಂದ್ಯಾಲದ ಇ. ಪುಷ್ಪಲಲಿತಾ ಅವರಲ್ಲಿ, ತನ್ನ ಮೊದಲ ಮಹಿಳಾ ಬಿಷಪರನ್ನು ಕಂಡಿತು. ಅದಕ್ಕೆ ಅರವತ್ತಾರು ವರ್ಷ ಬೇಕಾಯಿತು. ಅಷ್ಟು ವರ್ಷ ಆ ಸಭೆಯ ಬೆಂಚುಗಳನ್ನು ತುಂಬಿದವರು, ನೆಲ ಗುಡಿಸಿದವರು, ಕಾಣಿಕೆ ಕೂಡಿಸಿದವರು ಹೆಚ್ಚಾಗಿ ಹೆಂಗಸರೇ. ಅವರನ್ನು ನೆನೆಯುವುದೆಂದರೆ ಅವರ ಮೊಮ್ಮಕ್ಕಳಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದೂ ಹೌದು.

ನಾವು ಮಾಡಬಹುದಾದದ್ದು

ಕೊನೆಯಲ್ಲಿ ಕೆಲವು ಕೋರಿಕೆಗಳು.

ಮೊದಲನೆಯದು ಸಭೆಗಳಿಗೆ. ನಿಮ್ಮ ಬೀರುಗಳಲ್ಲಿರುವ ದೀಕ್ಷಾಸ್ನಾನ, ಮದುವೆ, ಸಮಾಧಿಯ ಹಳೆಯ ರಿಜಿಸ್ಟರುಗಳನ್ನು, ಹೆಂಗಸರ ಕೂಟದ ಮಿನಿಟ್ಸ್ ಪುಸ್ತಕಗಳನ್ನು ಗೆದ್ದಲಿಗೆ ಬಿಡಬೇಡಿ. ಸ್ಕ್ಯಾನ್ ಮಾಡಿಸಿ. ಕಾಯ್ದೆಯ ನಮೂನೆಯಲ್ಲಿ ಕಾಲಂ ಇಲ್ಲದಿದ್ದರೆ, ಸಭೆಯು ತನಗಾಗಿ ಇಟ್ಟುಕೊಳ್ಳುವ ಪುಸ್ತಕದಲ್ಲಿ ತಾಯಿಯ ಹೆಸರನ್ನೂ ಬರೆಯಿರಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಎರಡನೆಯದು ಮಿಷನ್ ಶಾಲೆ, ಆಸ್ಪತ್ರೆಗಳಿಗೆ. ಸಂಸ್ಥಾಪಕರ ಭಾವಚಿತ್ರದ ಪಕ್ಕದಲ್ಲಿ ಅಲ್ಲಿ ದುಡಿದು ನಿವೃತ್ತರಾದ ನರ್ಸುಗಳ, ಆಯಾಗಳ, ಮೇಟ್ರನ್‌ಗಳ, ಟೀಚರುಗಳ ಹೆಸರುಗಳಿಗೂ ಒಂದು ಫಲಕ ಇರಲಿ. ಮಿಷನ್ ಆಸ್ಪತ್ರೆಯ ಶತಮಾನದ ಕಥೆ ಅಲ್ಲಿ ಕೆಲಸ ಮಾಡಿದ ಮೈಸೂರಿನ ಹೆಂಗಸರ ಬಾಯಿಂದಲೇ ಬರಬೇಕು. ನಮ್ಮ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರು, ಕನ್ನಡ ಅಧ್ಯಯನ ಸಂಸ್ಥೆಯವರು ಈ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಹಚ್ಚಲಿ.

ಮೂರನೆಯದು ಈ ದತ್ತಿಗೆ. ಪ್ರತಿ ವರ್ಷ ಉಪನ್ಯಾಸದ ಜೊತೆಗೆ ಒಬ್ಬ ತಾಯಿಯ ಬದುಕಿನ ಚಿಕ್ಕ ಪುಸ್ತಕ ಬರಲಿ. ಅವರು ಯಾವ ಸಭೆಯವರಾದರೂ ಆಗಲಿ, ಯಾವ ಧರ್ಮದವರಾದರೂ ಆಗಲಿ. ನೋಟ್ ಪುಸ್ತಕದಲ್ಲಿ ಎಲ್ಲರ ಹೆಸರು ಬರೆದುಕೊಂಡ ಹೆಂಗಸಿನ ದತ್ತಿಗೆ ಅದೇ ಸರಿಯಾದ ಗೌರವ.

ಕೊನೆಯದು ನಿಮಗೆ. ನಿಮ್ಮ ಮನೆಯಲ್ಲಿ ವಯಸ್ಸಾದ ಅಮ್ಮನೋ ಅಜ್ಜಿಯೋ ಇದ್ದರೆ, ಈ ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಅವರ ಪಕ್ಕ ಕೂತುಕೊಳ್ಳಿ. ಎಲ್ಲಿ ಓದಿದಿರಿ, ಯಾರು ಓದಿಸಿದರು, ಮೊದಲ ಸಂಬಳ ಎಷ್ಟು, ಯಾರ ಹೆರಿಗೆಗೆ ರಾತ್ರಿ ಎದ್ದು ಹೋದಿರಿ, ಯಾರಿಗೆ ಗುಟ್ಟಾಗಿ ಫೀಸು ಕಟ್ಟಿದಿರಿ ಎಂದು ಕೇಳಿ. ಅದೇನು ದೊಡ್ಡ ವಿಷಯ ಎಂದು ಅವರು ತಳ್ಳಿಹಾಕುತ್ತಾರೆ, ಬಿಡಬೇಡಿ. ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕಾಗದದ ಮೇಲೂ ಬರೆದುಕೊಳ್ಳಿ, ತಾರೀಖು ಹಾಕಿ. ಸಾವಿನ ಮನೆಯಲ್ಲಿ ಹಾಡಿ ಹೊಗಳುವುದಕ್ಕಿಂತ ಬದುಕಿರುವಾಗ ಕೂತು ಕೇಳುವುದು ದೊಡ್ಡ ಮರ್ಯಾದೆ. ಅಷ್ಟನ್ನು ಮಾಡಿ ಎಂದು ಕೈಮುಗಿದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.